ಮಲಪ್ರಭೆ ದಂಡೆಯ ಗುಡಿಗಳನ್ನು ನೋಡುವುದು ಹೇಗೆ: ಎರಡು ದಿನ, ನಾಲ್ಕು ಇಸವಿ

ಬಾದಾಮಿ, ಐಹೊಳೆ, ಪಟ್ಟದಕಲ್ಲು ಮೂರನ್ನೂ ಒಂದೇ ದಿನಕ್ಕೆ ಮುಗಿಸುವ ಯೋಚನೆ ಇದ್ದರೆ ಮೊದಲು ಅದನ್ನು ಬಿಡಿ. ಮುಗಿಸಲು ಆಗುತ್ತದೆ, ಬಹಳ ಜನ ಮುಗಿಸುತ್ತಾರೆ ಕೂಡ. ಮುಂಜಾನೆ ಮೇಣಬಸದಿ ಅಂದರೆ ಬಾದಾಮಿಯ ಗವಿಗಳು, ಮಧ್ಯಾಹ್ನ ಬನಶಂಕರಿಯಲ್ಲಿ ಊಟ, ಮೂರು ಗಂಟೆಗೆ ಪಟ್ಟದಕಲ್ಲು, ಕತ್ತಲಾಗುವಷ್ಟರಲ್ಲಿ ಓಡೋಡಿ ಐಹೊಳೆ. ಆಮೇಲೆ ಮನೆಗೆ ಬಂದು ಮೊಬೈಲಿನಲ್ಲಿ ಫೋಟೊ ತೆರೆದರೆ ಯಾವ ಗುಡಿ ಯಾವ ಊರಿನದು ಅಂತಲೇ ಗೊತ್ತಾಗುವುದಿಲ್ಲ. ಎಲ್ಲಾ ಕೆಂಪು ಕಲ್ಲು, ಎಲ್ಲಾ ಕಂಬ, ಎಲ್ಲಾ ನಂದಿ. ಇಂಥ ಆಸ್ತಿ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇರುವಾಗ ಅದನ್ನು ಹೀಗೆ ನೋಡಿ ಬರುವುದು ನನಗಂತೂ ತುಂಬಾ ಬೇಜಾರಿನ ವಿಷಯ.

ಎರಡು ದಿನ ಇಟ್ಟುಕೊಳ್ಳಿ. ಬಾದಾಮಿಯಲ್ಲಿ ಉಳಿದುಕೊಳ್ಳಿ. ನಾಲ್ಕು ಇಸವಿ ನೆನಪಿಟ್ಟುಕೊಳ್ಳಿ: 543, 578, 634, ಮತ್ತೆ 740ರ ಆಸುಪಾಸು. ಮೊದಲ ಮೂರು ಸುಮ್ನೆ ಅಂದಾಜಿನಿಂದ ಬಂದವಲ್ಲ, ಶಾಸನದಲ್ಲಿ ಕೊರೆದ ಶಕ ವರ್ಷಗಳಿಂದಲೇ ಸಿಕ್ಕವು. ನಾಲ್ಕನೆಯದು ರಾಜ ಯಾರು, ಕಟ್ಟಿಸಿದ ರಾಣಿ ಯಾರು ಅಂತ ಶಾಸನವೇ ಹೇಳುವುದರಿಂದ ಗೊತ್ತಾದದ್ದು. ಇನ್ನೂರು ವರ್ಷದಲ್ಲಿ ನಮ್ಮ ಚಾಲುಕ್ಯರ ಶಿಲ್ಪಿಗಳು ಬಂಡೆ ಕೊರೆಯುವುದರಿಂದ ಶುರು ಮಾಡಿ ಪಟ್ಟದಕಲ್ಲಿನ ವಿರೂಪಾಕ್ಷನಂಥ ಗುಡಿ ಕಟ್ಟುವಲ್ಲಿಗೆ ಬಂದರು. ಅದು ಕಣ್ಣಿಗೆ ಕಾಣಬೇಕು ಅಂದರೆ ನೋಡುವ ಕ್ರಮ ಸರಿ ಇರಬೇಕು. ಮೊದಲು ಬಾದಾಮಿ, ಆಮೇಲೆ ಐಹೊಳೆ, ಕೊನೆಗೆ ಪಟ್ಟದಕಲ್ಲು.

ಮೂರೂ ಒಂದೇ ಹೊಳೆಯ ಕಣಿವೆಯ ಊರುಗಳು. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿ ಹತ್ತಿರ ನವಿಲುತೀರ್ಥ ಅಣೆಕಟ್ಟು ದಾಟಿ, ಈ ಕೆಂಪು ಗುಡ್ಡಗಳ ನಡುವೆ ಬಂದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೊಂದು 13 ಕಿಲೋಮೀಟರ್. ರೈಲಿನಲ್ಲಿ ಬರುವವರು ಬಾದಾಮಿ ಸ್ಟೇಷನ್ನಿನಲ್ಲಿ ಇಳಿಯಬೇಕು. ಊರು ಅಲ್ಲಿಂದ ಸ್ವಲ್ಪ ದೂರ ಇದೆ, ಟಂಟಂ ಸಿಗುತ್ತವೆ. ಎರಡನೇ ದಿನಕ್ಕೆ ಬಸ್ಸನ್ನೇ ನಂಬುವುದಾದರೆ ವಾಪಸ್ ಬರುವ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ಮೊದಲೇ ಕೇಳಿಕೊಳ್ಳಿ. ನಾಲ್ಕೈದು ಜನ ಇದ್ದರೆ ಒಂದು ಗಾಡಿ ಮಾತಾಡಿಕೊಳ್ಳುವುದು ಒಳ್ಳೆಯದು.

ಯಾವಾಗ ಬರಬೇಕು? ಅಕ್ಟೋಬರಿನಿಂದ ಫೆಬ್ರವರಿ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ, ಅಷ್ಟು ಕಾದಿರುತ್ತದೆ. ಬೇರೆ ದಾರಿ ಇಲ್ಲ ಅಂದರೆ ಒಂದು ಜೊತೆ ದಪ್ಪ ಕಾಲುಚೀಲ ತನ್ನಿ. ಜೋರು ಮಳೆಗಾಲದಲ್ಲಿ ಬರುವವರು ಹೊಳೆಯ ನೀರಿನ ಸುದ್ದಿ ಕೇಳಿಕೊಂಡೇ ಹೊರಡಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಬನದ ಹುಣ್ಣಿಮೆ ಹೊತ್ತಿಗೆ, ಅಂದರೆ ಜನವರಿ ಸುಮಾರಿಗೆ, ಬನಶಂಕರಿ ಜಾತ್ರೆ. ಜಾತ್ರೆ ನೋಡಬೇಕು ಅಂದರೆ ಖಂಡಿತ ಬನ್ನಿ, ನಾಟಕ ಕಂಪನಿಗಳ ಟೆಂಟ್ ನೋಡುವುದೇ ಒಂದು ಸಂಭ್ರಮ. ಶಾಂತವಾಗಿ ಶಿಲ್ಪ ನೋಡಬೇಕು ಅನ್ನುವವರು ಮಾತ್ರ ಆ ದಿನಗಳನ್ನು ಬಿಟ್ಟು ಬನ್ನಿ. ರೂಮೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ.

ಕೈಯಲ್ಲಿ ಒಂದು ಒಳ್ಳೆಯ ಟಾರ್ಚ್ ಇರಲಿ. ಮೊಬೈಲಿನ ಬೆಳಕು ಸಾಲುವುದಿಲ್ಲ. ಗುಡಿಯ ಒಳಗೆ ಕತ್ತಲು ಜಾಸ್ತಿ, ಅರ್ಧ ಕೆಲಸ ಅಲ್ಲೇ ಇದೆ. ಟಾರ್ಚ್ ಹಿಡಿಯುವುದಕ್ಕೂ ಒಂದು ರೀತಿ ಇದೆ. ನೇರವಾಗಿ ಮೂರ್ತಿಯ ಮುಖಕ್ಕೆ ಬಿಟ್ಟರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಯ ಪಕ್ಕಕ್ಕೆ ನಿಂತು ಓರೆಯಾಗಿ ಬೆಳಕು ಬಿಡಿ. ಬೆರಳು, ಆಭರಣ, ಬಟ್ಟೆಯ ನೆರಿಗೆ ಎಲ್ಲಾ ಎದ್ದು ಕಾಣುತ್ತವೆ. ಸವೆದ ಅಕ್ಷರ ಓದುವುದೂ ಹೀಗೇ.

ಮೊದಲ ದಿನ ಮುಂಜಾನೆ ಗೇಟು ತೆಗೆಯುವ ಹೊತ್ತಿಗೆ ಮೇಣಬಸದಿ ಮೆಟ್ಟಿಲ ಬುಡದಲ್ಲಿರಿ. ಕೈಯಲ್ಲಿ ತಿಂಡಿ ಚೀಲ ಬೇಡ, ಮಂಗಗಳು ಕಸಿದುಕೊಳ್ಳುತ್ತವೆ. ಮೇಲೆ ಹತ್ತುವ ಮೊದಲು ಎದುರಿನ ಉತ್ತರದ ಗುಡ್ಡವನ್ನು ಒಮ್ಮೆ ನೋಡಿ. ನಿಮ್ಮ ಮೊದಲ ಇಸವಿ ಆ ಕಡೆಯ ಬಂಡೆಯಲ್ಲಿದೆ. ಶಕ 465, ಅಂದರೆ 543ರಲ್ಲಿ ಒಂದನೇ ಪುಲಕೇಶಿ ವಾತಾಪಿಯ, ಅಂದರೆ ಬಾದಾಮಿಯ, ಈ ಬೆಟ್ಟವನ್ನು ಕೋಟೆ ಮಾಡಿದ ಅಂತ ಅಲ್ಲಿ ಬರೆದಿದೆ. ಆ ಶಾಸನದ ಹತ್ತಿರ ಹೋಗುವುದು ಸುಲಭವಲ್ಲ, ಹೋಗಲೇಬೇಕು ಅಂತ ಹಟವೂ ಬೇಡ. ಎರಡು ಗುಡ್ಡ, ನಡುವೆ ಅಗಸ್ತ್ಯತೀರ್ಥದ ಹೊಂಡ, ಒಂದು ಕಡೆ ಮಾತ್ರ ಬಯಲು. ರಾಜಧಾನಿಗೆ ಈ ಜಾಗ ಯಾಕೆ ಆರಿಸಿದ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ, ಅಲ್ವಾ?

ಗವಿಗಳು ನಾಲ್ಕು. ಒಂದನೆಯದು ಶಿವನದು. ಹೊರಗೇ ಬಲಗಡೆ ಹದಿನೆಂಟು ಕೈಯ ನಟರಾಜ ಇದ್ದಾನೆ. ಎಲ್ಲರೂ ಅಲ್ಲಿ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ನೀವು ನಿಂತು ಒಂದು ಜೊತೆ ಕೈಯನ್ನಷ್ಟೇ ನೋಡಿ, ಆಮೇಲೆ ಇನ್ನೊಂದು ಜೊತೆ. ಕೈಗಳ ಸಾಲು ತಿರುಗುತ್ತಾ ಹೋಗುವ ಲೆಕ್ಕ ಸಿಕ್ಕರೆ ಮೂರ್ತಿ ಕುಣಿಯುವುದು ಕಾಣುತ್ತದೆ. ಎರಡನೇ ಗವಿ ವಿಷ್ಣುವಿನದು. ಇಲ್ಲಿನ ವರಾಹ, ತ್ರಿವಿಕ್ರಮ ಎರಡನ್ನೂ ಚೆನ್ನಾಗಿ ನೋಡಿಟ್ಟುಕೊಳ್ಳಿ, ಯಾಕೆಂದರೆ ಮೂರನೇ ಗವಿಯಲ್ಲಿ ಅದೇ ಕಥೆಗಳು ಇನ್ನೂ ದೊಡ್ಡದಾಗಿ, ಇನ್ನೂ ಧೈರ್ಯವಾಗಿ ಬರುತ್ತವೆ.

ಮೂರನೇ ಗವಿಗೆ ಒಂದು ಗಂಟೆ ಕೊಡಿ. ಎರಡನೇ ಇಸವಿ ಇಲ್ಲಿದೆ. ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಳೇಶ ಈ ಗವಿಯನ್ನು ವಿಷ್ಣುವಿಗಾಗಿ ಮಾಡಿಸಿದ, ಆಗ ಶಕ 500, ಅಂದರೆ 578. ನಮ್ಮ ದೇಶದ ಹಳೆಯ ಗವಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಇಸವಿ ಸಿಗುವುದು ಅಪರೂಪ. ಇದು ಸಿಕ್ಕಿದ್ದರಿಂದಲೇ ಉಳಿದ ಗವಿಗಳ ಕಾಲ ಅಂದಾಜು ಮಾಡಲು ಒಂದು ಗಟ್ಟಿ ಆಧಾರ ಆಯಿತು. ಶೇಷನ ಮೇಲೆ ಕುಳಿತ ವಿಷ್ಣು, ನಿಂತ ನರಸಿಂಹ, ಹರಿಹರ, ಇವರೆಲ್ಲರನ್ನೂ ನೋಡಿ ಆದ ಮೇಲೆ ತಲೆ ಎತ್ತಿ. ಕಂಬದ ತಲೆಯ ಬೋದಿಗೆಗಳಲ್ಲಿ ಗಂಡ-ಹೆಂಡತಿಯ ಜೋಡಿಗಳಿವೆ, ಒಂದರಂತೆ ಇನ್ನೊಂದಿಲ್ಲ. ಸೂರಿನ ಒಳಗೆ ಬಣ್ಣದ ಚಿತ್ರಗಳ ಗುರುತು ಇನ್ನೂ ಉಳಿದಿದೆ, ಮಸುಕಾಗಿದೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಅಲ್ಲಿಗೆ ಮಾತ್ರ ಟಾರ್ಚಾಗಲಿ ಫ್ಲ್ಯಾಶಾಗಲಿ ಬಿಡಬೇಡಿ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಒಂದಿದೆ. ಈ ಗವಿಯಲ್ಲಿ ಜಂತಿ, ತೊಲೆ, ಬೋದಿಗೆ ಎಲ್ಲಾ ಇವೆ. ಆದರೆ ಅವು ಯಾವ ಭಾರವನ್ನೂ ಹೊರುತ್ತಿಲ್ಲ. ಇಡೀ ಗವಿ ಒಂದೇ ಬಂಡೆ, ಬೇಡದ ಕಲ್ಲು ತೆಗೆದು ಹಾಕಿದ್ದಾರೆ ಅಷ್ಟೇ. ಶಿಲ್ಪಿಗೆ ಗೊತ್ತಿದ್ದದ್ದು ಮರದ ಕಟ್ಟಡ, ಅದರ ರೂಪವನ್ನೇ ಬಂಡೆಯಲ್ಲಿ ಕೊರೆದ. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ನಾಳೆ ಐಹೊಳೆಯಲ್ಲಿ ಬೇಕಾಗುತ್ತದೆ.

ನಾಲ್ಕನೆಯದು ಜೈನರದು. ಪಾರ್ಶ್ವನಾಥ, ಬಾಹುಬಲಿ ಇದ್ದಾರೆ. ಶ್ರವಣಬೆಳಗೊಳದ ದೊಡ್ಡ ಮೂರ್ತಿಗಿಂತ ಬಹಳ ಮೊದಲಿನ ಬಾಹುಬಲಿ ಇವನು.

ಹೊತ್ತು ಏರಿದ ಮೇಲೆ ಕೆಳಗಿಳಿದು ಹೊಂಡದ ಆಚೆ ದಂಡೆಯ ಮ್ಯೂಸಿಯಂಗೆ ಹೋಗಿ. ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಅಲ್ಲಿದ್ದಾಳೆ, ಕಮಲದ ಮುಖದ ತಾಯಿ. ಅವಳನ್ನು ನೋಡದೆ ಬರಬೇಡಿ. ಶುಕ್ರವಾರ ಮ್ಯೂಸಿಯಂಗೆ ರಜೆ, ಹಾಗಾಗಿ ಬಾದಾಮಿಯ ದಿನವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡಿ. ಅದರ ಪಕ್ಕದಿಂದಲೇ ಬಂಡೆಗಳ ಸಂದಿಯಲ್ಲಿ ಉತ್ತರದ ಕೋಟೆಗೆ ದಾರಿ ಇದೆ. ಬಿಸಿಲಲ್ಲಿ ಈಗಲೇ ಹತ್ತಬೇಡಿ, ಸಂಜೆಗೆ ಬಿಡಿ.

ಮಧ್ಯಾಹ್ನಕ್ಕೆ ಬನಶಂಕರಿ, ಬಾದಾಮಿಯಿಂದ ಐದು ಕಿಲೋಮೀಟರ್. ದೇವಿಯ ದರ್ಶನ ಆದ ಮೇಲೆ ಗುಡಿಯ ಹೊರಗೆ ಬುಟ್ಟಿ ಇಟ್ಟುಕೊಂಡು ಕುಳಿತ ಅಕ್ಕಂದಿರ ಹತ್ತಿರ ರೊಟ್ಟಿ ಊಟ ಮಾಡಿ. ಖಡಕ್ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಇನ್ನೊಂದು ಹಾಕ್ಲೇನ್ರಿ?" ಅಂತ ಕೇಳುತ್ತಾರೆ. ಬೇಡ ಅನ್ನಬೇಡಿ. ಬರುವಾಗ ಗುಡಿಯ ಮುಂದಿನ ದೊಡ್ಡ ಹೊಂಡದ ಸುತ್ತ ಇರುವ ಕಲ್ಲಿನ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಬಹುದು.

ನಾಲ್ಕು ಗಂಟೆಗೆ ಬಾದಾಮಿಗೆ ವಾಪಸ್. ಈಗ ಉತ್ತರದ ಗುಡ್ಡ. ಮೇಲಿನ ಶಿವಾಲಯ ಮತ್ತು ಮಾಲೆಗಿತ್ತಿ ಶಿವಾಲಯ ಎರಡನ್ನೂ ನೋಡಿ. ಇವು ಕೊರೆದವಲ್ಲ, ಕಲ್ಲು ತಂದು ಜೋಡಿಸಿ ಕಟ್ಟಿದವು. ಮಾಲೆಗಿತ್ತಿ ಚಿಕ್ಕದು, ಒಂದು ಬಂಡೆಯ ನೆತ್ತಿಯ ಮೇಲೆ ಕುಳಿತಿದೆ, ನನ್ನ ಮಟ್ಟಿಗೆ ಬಾದಾಮಿಯಲ್ಲೇ ಚೆಂದದ ಗುಡಿ ಅದು. ಅದರ ಶಿಖರ ಅಂತಸ್ತು ಅಂತಸ್ತಾಗಿ ಏರಿರುವುದನ್ನು ನೋಡಿಟ್ಟುಕೊಳ್ಳಿ. ಅಲ್ಲಿಂದ ಇಳಿದು ಹೊಂಡದ ಪೂರ್ವಕ್ಕೆ ನಡೆದರೆ ಭೂತನಾಥ ಗುಡಿ. ಪಶ್ಚಿಮಕ್ಕೆ ಮುಖ, ಆದ್ದರಿಂದ ಸಂಜೆ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ.

ಬೆಳಕು ಇದ್ದಾಗಲೇ ಆ ಕಡೆಯ ಬಂಡೆಯಲ್ಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ಕೇಳಿ ಹುಡುಕಿ. ತಟ್ಟುಕೋಟೆ ಶಾಸನ ಅಂತಲೂ ಕರೆಯುತ್ತಾರೆ. ಕನ್ನಡದ ತ್ರಿಪದಿ ನಮಗೆ ಸಿಕ್ಕಿರುವುದರಲ್ಲಿ ಅತ್ಯಂತ ಹಳೆಯದು ಇದೇ, ಸುಮಾರು 700ರ ಕಾಲದ್ದು. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಬರುವ ಸಾಲು ಶಾಲೆಯಲ್ಲಿ ಓದಿದ್ದೀರಿ. ಒಳ್ಳೆಯವನಿಗೆ ಒಳ್ಳೆಯವನು, ಸವಿಯಾದವನಿಗೆ ಸವಿಯಾದವನು, ಕೆಣಕಿದವನಿಗೆ ಮಾತ್ರ ಬೇರೆಯೇ. ರಾಜನ ಶಾಸನ ಅಲ್ಲ ಇದು, ಒಬ್ಬ ವೀರನ ಗುಣವನ್ನು ಕನ್ನಡದಲ್ಲಿ ಹೇಳಿ ಬಂಡೆಗೆ ಕೊಟ್ಟಿದ್ದಾರೆ. ಮಕ್ಕಳು ಜೊತೆಗಿದ್ದರೆ ಅಲ್ಲೇ ನಿಲ್ಲಿಸಿ ಜೋರಾಗಿ ಓದಿಸಿ. ಜನಪದ ಹಾಡಿನ ಧಾಟಿ ಅವರಿಗೆ ತಕ್ಷಣ ಸಿಗುತ್ತದೆ.

ಎರಡನೇ ದಿನ ಬೇಗ ಹೊರಡಿ. ಐಹೊಳೆಗೆ ಹೋಗುವ ದಾರಿಯಲ್ಲೇ ಪಟ್ಟದಕಲ್ಲು ಸಿಗುತ್ತದೆ. ರಸ್ತೆಯಿಂದಲೇ ಶಿಖರಗಳು ಕರೆಯುತ್ತವೆ. ಇಳಿಯಬೇಡಿ. ಬೆಳಗಿನ ಬಿಸಿಲಿಗೆ ಪೂರ್ವಕ್ಕೆ ಮುಖ ಮಾಡಿದ ವಿರೂಪಾಕ್ಷವೇ ಚೆಂದ ಅನ್ನುವುದು ನಿಜ, ಫೋಟೊಗಾಗಿಯೇ ಬಂದವರು ಹಾಗೆ ಮಾಡಲಿ. ಆದರೆ ಪಟ್ಟದಕಲ್ಲನ್ನು ಮೊದಲೇ ನೋಡಿಬಿಟ್ಟರೆ ಐಹೊಳೆಯ ಗುಡಿಗಳು ಸಪ್ಪೆ ಅನಿಸುತ್ತವೆ, ಅದು ಐಹೊಳೆಗೆ ಮಾಡುವ ಅನ್ಯಾಯ.

ಐಹೊಳೆಯಲ್ಲಿ ನೇರ ಮೇಗುತಿ ಗುಡ್ಡ ಹತ್ತಿ. ಮೂರನೇ ಇಸವಿ ಇಲ್ಲಿ. ಶಕ 556, ಅಂದರೆ 634. ರವಿಕೀರ್ತಿ ಅನ್ನುವ ಜೈನ ಕವಿ ಈ ಬಸದಿ ಕಟ್ಟಿಸಿ, ಇಮ್ಮಡಿ ಪುಲಕೇಶಿಯ ಗೆಲುವುಗಳನ್ನೆಲ್ಲಾ ಸಂಸ್ಕೃತ ಪದ್ಯದಲ್ಲಿ ಹಾಡಿ, ಕೊನೆಗೆ ತನ್ನ ಕೀರ್ತಿ ಕಾಳಿದಾಸ-ಭಾರವಿಗಳಿಗೆ ಸಮ ಅಂತಲೂ ಬರೆಸಿದ್ದಾನೆ. ಕಾಳಿದಾಸ ಯಾವ ಕಾಲದವನು ಅಂತ ವಾದ ಮಾಡುವವರೆಲ್ಲಾ ಈ ಗೋಡೆಗೆ ಬರಲೇಬೇಕು, ಯಾಕೆಂದರೆ 634ಕ್ಕಿಂತ ಈಚೆಗೆ ಅವನನ್ನು ತರಲು ಈ ಸಾಲು ಬಿಡುವುದಿಲ್ಲ. ಉತ್ತರದ ಹರ್ಷವರ್ಧನನನ್ನು ಪುಲಕೇಶಿ ತಡೆದ ಸುದ್ದಿಯೂ ಇದರಲ್ಲೇ ಇದೆ. ಶಾಸನ ಇರುವುದು ಪೂರ್ವದ ಗೋಡೆಯಲ್ಲಿ. ಬೆಳಗಿನ ಬಿಸಿಲು ಬೀಳುವಾಗ ಅಕ್ಷರಗಳು ಸ್ಪಷ್ಟ, ಅದಕ್ಕೇ ಬೇಗ ಬನ್ನಿ ಅಂದದ್ದು. ಇಳಿಯುವಾಗ ಗುಡ್ಡದಲ್ಲೇ ಇರುವ ಎರಡು ಅಂತಸ್ತಿನ ಬೌದ್ಧ ಗುಡಿಯನ್ನೂ ನೋಡಿ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲವೂ ಒಂದೇ ಕಣಿವೆಯಲ್ಲಿ.

ಕೆಳಗೆ ಬಂದರೆ ದುರ್ಗ ಗುಡಿ ಮತ್ತು ಲಾಡಖಾನ ಗುಡಿ ಒಂದೇ ಆವರಣದಲ್ಲಿವೆ. ಊರಿನಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಎಲ್ಲವನ್ನೂ ಎಣಿಸುತ್ತಾ ಓಡಾಡಬೇಡಿ, ಈ ಎರಡು ಮತ್ತು ರಾವಣಫಡಿ ಗವಿ ಸಾಕು. ಲಾಡಖಾನದ ಮಾಳಿಗೆಯನ್ನು ನೋಡಿ. ಚಪ್ಪಡಿ ಚಪ್ಪಡಿ ಸೇರುವ ಸಂದಿಯ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ ಇಟ್ಟು ಮುಚ್ಚಿದ್ದಾರೆ, ಮರದ ದಿಮ್ಮಿ ಇಟ್ಟ ಹಾಗೆ. ನಿನ್ನೆ ಗವಿಯಲ್ಲಿ ಭಾರ ಹೊರದೆ ಸುಮ್ನೆ ನಿಂತಿದ್ದ ತೊಲೆಗಳು ಇಲ್ಲಿ ನಿಜವಾಗಿ ಭಾರ ಹೊತ್ತಿವೆ. ಹಳೆಯ ಪುಸ್ತಕಗಳು ಈ ಗುಡಿಯನ್ನು 5ನೇ ಶತಮಾನದ್ದು ಅನ್ನುತ್ತವೆ, ಎಷ್ಟೋ ಗೈಡ್‌ಗಳು ಈಗಲೂ ಹಾಗೇ ಹೇಳುತ್ತಾರೆ. ಈಗಿನ ಬಹುತೇಕ ವಿದ್ವಾಂಸರು 7-8ನೇ ಶತಮಾನಕ್ಕೆ ತಂದಿದ್ದಾರೆ. ಲಾಡಖಾನ ಅನ್ನುವುದು ಹಿಂದೆ ಅದರೊಳಗೆ ವಾಸವಿದ್ದವರ ಹೆಸರು.

ದುರ್ಗ ಗುಡಿಯ ಹಿಂಭಾಗ ದುಂಡಗಿದೆ, ಸುತ್ತಲೂ ಕಂಬಗಳ ಪಡಸಾಲೆ. ಹೆಸರು ಕೇಳಿ ದೇವಿಯ ಗುಡಿ ಅಂದುಕೊಳ್ಳಬೇಡಿ. ಬಾಗಿಲ ಶಾಸನದ ಪ್ರಕಾರ ಇದು ಸೂರ್ಯನಿಗೆ ಕಟ್ಟಿದ್ದು. ಪಡಸಾಲೆಯಲ್ಲಿ ಪ್ರದಕ್ಷಿಣೆ ಹಾಕುತ್ತಾ ಗೂಡುಗಳ ಮೂರ್ತಿಗಳನ್ನು ನೋಡಿ. ಶಿಖರದ ತುದಿಯ ದೊಡ್ಡ ಆಮಲಕ ಕಲ್ಲು ಕೆಳಗೇ ಬಿದ್ದಿದೆ. ಇದು ನಿಮಗೆ ಒಳ್ಳೆಯ ಅವಕಾಶ, ಅಷ್ಟೆತ್ತರದಲ್ಲಿ ಕೂರಬೇಕಾದ ಕಲ್ಲನ್ನು ಹತ್ತಿರದಿಂದ ನೋಡಲು ಬೇರೆ ಎಲ್ಲೂ ಸುಲಭವಾಗಿ ಸಿಗುವುದಿಲ್ಲ. ನೆಲ್ಲಿಕಾಯಿಯ ಗೀರುಗಳಂತೆ ಅದರ ಅಂಚು. ರಾವಣಫಡಿಯಲ್ಲಿ ಹತ್ತು ಕೈಯ ಶಿವ ಸಪ್ತಮಾತೃಕೆಯರ ಜೊತೆ ಕುಣಿಯುತ್ತಾನೆ. ಟಾರ್ಚ್ ಅಲ್ಲಿ ಬೇಕು.

ಐಹೊಳೆ ಬರೀ ಗುಡಿಗಳ ಊರಲ್ಲ. ಅಯ್ಯಾವೊಳೆ ಐನೂರ್ವರು ಅನ್ನುವ ವ್ಯಾಪಾರಿಗಳ ಸಂಘ ಇಲ್ಲಿಂದಲೇ ಬೆಳೆದದ್ದು, ಅವರ ಹೆಸರು ದಕ್ಷಿಣದ ಎಷ್ಟೋ ಶಾಸನಗಳಲ್ಲಿ ಬರುತ್ತದೆ. ಇಷ್ಟೊಂದು ಗುಡಿಗಳು ಎದ್ದ ಊರಿನಲ್ಲಿ ಹಣ ಓಡಾಡುತ್ತಿತ್ತು ಅನ್ನುವುದನ್ನು ಮರೆಯಬೇಡಿ.

ಮಧ್ಯಾಹ್ನದ ಮೇಲೆ ಪಟ್ಟದಕಲ್ಲು. ಇಲ್ಲಿ ಹೊಳೆ ಉತ್ತರಕ್ಕೆ ಹರಿಯುತ್ತದೆ, ದಂಡೆಯಲ್ಲೇ ಗುಡಿಗಳ ಗುಂಪು. 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಳಗೆ ಹೋದ ತಕ್ಷಣ ಯಾವ ಗುಡಿಗೂ ನುಗ್ಗಬೇಡಿ. ಹುಲ್ಲಿನ ಮೇಲೆ ನಿಂತು ಶಿಖರಗಳನ್ನಷ್ಟೇ ನೋಡಿ ಎರಡು ಗುಂಪು ಮಾಡಿ. ಗೆರೆ ಬಾಗುತ್ತಾ ಒಂದೇ ಸಮ ಮೇಲೇರಿ ಆಮಲಕದಲ್ಲಿ ಮುಗಿದರೆ ಅದು ಉತ್ತರದ ರೀತಿ, ನಾಗರ: ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಕಾಶಿವಿಶ್ವನಾಥ. ಅಂತಸ್ತು ಅಂತಸ್ತಾಗಿ ಏರಿದರೆ ದಕ್ಷಿಣದ ರೀತಿ, ದ್ರಾವಿಡ: ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ. ನಿನ್ನೆ ಮಾಲೆಗಿತ್ತಿಯಲ್ಲಿ ನೋಡಿದ್ದು ಎರಡನೆಯ ರೀತಿ, ಇವತ್ತು ದುರ್ಗ ಗುಡಿಯಲ್ಲಿ ನೋಡಿದ್ದು ಮೊದಲನೆಯದು. ಎರಡೂ ಅಕ್ಕಪಕ್ಕದಲ್ಲಿ ನಿಂತಿರುವುದು ಇಲ್ಲಿನ ವಿಶೇಷ. ಇದೊಂದು ಕಲಿತರೆ ಆಮೇಲೆ ಯಾವ ಊರಿಗೆ ಹೋದರೂ ಗುಡಿ ನೋಡುವ ನಿಮ್ಮ ಕಣ್ಣೇ ಬೇರೆ.

ಸಂಗಮೇಶ್ವರ ಚಾಲುಕ್ಯ ರಾಜ ವಿಜಯಾದಿತ್ಯನದು. ಕೆಲವು ಕಡೆ ಕೆತ್ತನೆ ಮುಗಿದಿಲ್ಲ. ಗುರುತು ಹಾಕಿ ಬಿಟ್ಟ ಕಲ್ಲುಗಳನ್ನು ಹುಡುಕಿ, ಕೆಲಸ ಹೇಗೆ ನಡೆಯುತ್ತಿತ್ತು ಅಂತ ಅವು ಹೇಳುತ್ತವೆ. ಕಲ್ಲನ್ನು ಮೊದಲು ಗೋಡೆಗೆ ಏರಿಸಿ ಆಮೇಲೆ ಅಲ್ಲೇ ಕೆತ್ತುತ್ತಿದ್ದರು.

ಇನ್ನು ವಿರೂಪಾಕ್ಷ, ನಾಲ್ಕನೇ ಇಸವಿ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಕಟ್ಟಿಸಿದ್ದು. ಇದರ ಹಿಂದೆ ನೂರು ವರ್ಷದ ಲೆಕ್ಕ ಇದೆ. 642ರಲ್ಲಿ ಕಂಚಿಯ ಪಲ್ಲವ ರಾಜ ನರಸಿಂಹವರ್ಮ ಬಾದಾಮಿಗೇ ಬಂದು ಊರು ಹಿಡಿದಿದ್ದ. ವಿಕ್ರಮಾದಿತ್ಯ ಕಂಚಿ ಗೆದ್ದಾಗ ಅಲ್ಲಿನ ಕೈಲಾಸನಾಥ ಗುಡಿಯನ್ನು ಲೂಟಿ ಮಾಡಲಿಲ್ಲ, ಅದರ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟ ಅಂತ ಕಂಚಿಯ ಆ ಗುಡಿಯಲ್ಲೇ ಕನ್ನಡ ಶಾಸನ ಇದೆ. ನನಗೆ ಚಾಲುಕ್ಯರ ಮೇಲೆ ಅಭಿಮಾನ ಉಕ್ಕುವುದು ಗೆದ್ದದ್ದಕ್ಕಿಂತ ಇದಕ್ಕೆ.

ಪೂರ್ವದ ಬಾಗಿಲ ಹತ್ತಿರ ಶಾಸನಗಳಿವೆ. ಗುಡಿ ಕಟ್ಟಿದ ಸೂತ್ರಧಾರಿ ಗುಂಡ, ಅವನಿಗೆ ಅನಿವಾರಿತಾಚಾರಿ ಅನ್ನುವ ಬಿರುದು. ಇನ್ನೊಬ್ಬನ ಬಿರುದು ಸರ್ವಸಿದ್ಧಿ ಆಚಾರಿ. ಗೋಡೆಯ ಶಿಲ್ಪಗಳ ಹತ್ತಿರ ಚೆಂಗಮ್ಮ, ಪುಲ್ಲಪ್ಪ, ಬಲದೇವ ಅಂತ ಕೆತ್ತಿದವರ ಹೆಸರುಗಳಿವೆ. ರಾಜ-ರಾಣಿಯರ ಜೊತೆಗೆ ಉಳಿ ಹಿಡಿದವರ ಹೆಸರೂ ಹದಿಮೂರು ಶತಮಾನ ಉಳಿದಿದೆ. ಅಂಥ ಕಲ್ಲಿನ ಮೇಲೆ ಇವತ್ತು ಕೀಲಿಕೈಯಿಂದ ಹೆಸರು ಗೀಚುವವರನ್ನು ಕಂಡರೆ ದಯವಿಟ್ಟು ಸುಮ್ಮನಿರಬೇಡಿ, ತಡೆಯಿರಿ. ಈ ಮರಳುಗಲ್ಲು ಮೃದು. ಕೈ ಸವರುವುದರಿಂದಲೂ ಸವೆಯುತ್ತದೆ. ಮಕ್ಕಳನ್ನು ಮೂರ್ತಿಯ ತೊಡೆಯ ಮೇಲೆ ಕೂರಿಸಿ ಫೋಟೊ ತೆಗೆಯಬೇಡಿ.

ಒಳಗೆ ಕಂಬಗಳ ಮೇಲೆ ಕಥೆಗಳಿವೆ. ಜಟಾಯು ರಾವಣನ ಮೇಲೆ ಬೀಳುವುದು, ಕೈಲಾಸ ಎತ್ತುವ ರಾವಣ, ಹೀಗೆ. ಒಂದು ಕಂಬ ಆರಿಸಿಕೊಂಡು ಅದನ್ನು ಪೂರ್ತಿ ನೋಡಿ, ಎಲ್ಲಾ ಕಂಬದ ಸುತ್ತ ಓಡುವುದಕ್ಕಿಂತ ಅದು ಒಳ್ಳೆಯದು. ಪೂರ್ವದ ಮುಖಮಂಟಪದ ಮಾಡಿನಲ್ಲಿ ಸೂರ್ಯನ ರಥ ಇದೆ. ಇಲ್ಲಿ ಪೂಜೆ ಈಗಲೂ ನಡೆಯುತ್ತದೆ, ಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಳಿಸಿ. ಪಕ್ಕದ ಮಲ್ಲಿಕಾರ್ಜುನ ಲೋಕಮಹಾದೇವಿಯ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು. ಅಲ್ಲಿ ಪಂಚತಂತ್ರದ ಕಥೆಗಳಿವೆ, ಮಕ್ಕಳಿಗೆ ಅದನ್ನೇ ಮೊದಲು ತೋರಿಸಿ.

ಸ್ವಲ್ಪ ದಕ್ಷಿಣಕ್ಕೆ ಪಾಪನಾಥ. ಶಿಖರ ಉತ್ತರದ್ದು, ಆದರೆ ಗೋಡೆಯಲ್ಲಿ ದಕ್ಷಿಣದ ಗುಣ ಸೇರಿಕೊಂಡಿದೆ. ಹೊರಗೋಡೆಯಲ್ಲಿ ರಾಮಾಯಣ ಸಾಲಾಗಿ ಬರುತ್ತದೆ, ಪಾತ್ರಗಳ ಹೆಸರೂ ಬರೆದಿದೆ. ಅಷ್ಟು ದೂರ ಯಾಕೆ ಅಂತ ಬಹಳ ಜನ ಇಲ್ಲಿಗೆ ಬರುವುದೇ ಇಲ್ಲ. ನೀವು ಬನ್ನಿ. ಆವರಣದಲ್ಲೇ ಒಂದು ಕಂಬದ ಶಾಸನ ಇದೆ, 754ರದ್ದು, ಒಂದೇ ವಿಷಯವನ್ನು ಕನ್ನಡ ಲಿಪಿಯಲ್ಲೂ ಉತ್ತರದ ಲಿಪಿಯಲ್ಲೂ ಬರೆಸಿದ್ದಾರೆ. ಎರಡು ರೀತಿಯ ಶಿಖರಗಳಿರುವ ಅಂಗಳದಲ್ಲಿ ಎರಡು ಲಿಪಿಯ ಕಂಬ. ಅದಾದ ಕೆಲವೇ ವರ್ಷಕ್ಕೆ ಚಾಲುಕ್ಯರ ಆಳ್ವಿಕೆ ಮುಗಿದು ರಾಷ್ಟ್ರಕೂಟರು ಬಂದರು. ಅವರ ಕಾಲದ ಜೈನ ನಾರಾಯಣ ಬಸದಿ ಊರ ಹೊರಗೆ ಬಾದಾಮಿ ರಸ್ತೆಯಲ್ಲಿದೆ. ವಾಪಸ್ ಹೋಗುವಾಗ ಗಾಡಿ ನಿಲ್ಲಿಸಿ ನೋಡಬಹುದು.

ಮೂರನೇ ದಿನದ ಅರ್ಧ ಹೊತ್ತು ಮಿಕ್ಕಿದರೆ ಬಾದಾಮಿ ಹತ್ತಿರದ ಮಹಾಕೂಟಕ್ಕೆ ಹೋಗಿ. ದೊಡ್ಡ ಮರಗಳ ನೆರಳು, ಬುಗ್ಗೆಯ ನೀರು ತುಂಬಿದ ಹೊಂಡ, ಸುತ್ತಲೂ ಚಿಕ್ಕ ಚಿಕ್ಕ ಗುಡಿಗಳು. ಅಲ್ಲಿದ್ದ ಮಂಗಳೇಶನ ಶಾಸನದ ಕಂಬ ಈಗ ವಿಜಯಪುರದಲ್ಲಿದೆ, ಗೋಲಗುಮ್ಮಟದ ಮುಂದಿನ ಮ್ಯೂಸಿಯಂನಲ್ಲಿ. ಮೂರನೇ ಗವಿ ಮಾಡಿಸಿದನಲ್ಲ, ಅದೇ ಮಂಗಳೇಶ. ವಿಜಯಪುರದ ಕಡೆ ಹೋಗುವವರು ಗುಮ್ಮಟ ಹತ್ತುವ ಮೊದಲು ಆ ಮ್ಯೂಸಿಯಂ ಒಳಗೆ ಹೋಗಿ ಕಂಬವನ್ನು ನೋಡಿ. ಅಲ್ಲಿಯೂ ರಜೆ ಶುಕ್ರವಾರವೇ.